ಮನೆಗೆ ಕುನ್ನಿ ಬಂತು, ಪಾಠ ಯಾರಿಗೆ?

ಉಮರ್ಗಾ: "ಕಾಕಾ, ಕುನ್ನಿ ತಂದೀನ್ರಿ. ಎರಡು ವಾರ ಆತು, ಒಂದು ಮಾತೂ ಕೇಳವಲ್ದು. ಹೊಡದ್ರ ಮಂಚದ ಕೆಳಗ ಹೋಗಿ ಕೂಡ್ತದ" ಎಂದು ನಮ್ಮ ಓಣಿಯ ಹುಡುಗನೊಬ್ಬ ಮೊನ್ನೆ ಗೋಳು ಹೇಳಿಕೊಂಡ. ಮಂಚದ ಕೆಳಗೆ ಹೋಗುವುದನ್ನು ಆ ಮರಿಗೆ ಕಲಿಸಿದವನು ಅವನೇ ಎಂಬುದು ಅವನಿಗೆ ಹೊಳೆದಿರಲಿಲ್ಲ. ನನಗೂ ಒಂದು ಕಾಲಕ್ಕೆ ಹೊಳೆದಿರಲಿಲ್ಲ.

ನಾನು ತಂದ ಮೊದಲ ಮರಿಗೆ ಲಸಿಕೆ ಹಾಕಿಸಲಿಲ್ಲ. ವಾಂತಿ, ರಕ್ತಭೇದಿ ಶುರುವಾಗಿ ಮೂರೇ ದಿನಕ್ಕೆ ಸತ್ತಿತು. ಅದು ಪಾರ್ವೊ ರೋಗವೆಂದು ಆಮೇಲೆ ತಿಳಿಯಿತು. ಎರಡನೆಯದನ್ನು ಕೋಲು ಹಿಡಿದು ಬೆಳೆಸಿದೆ, ಹಗಲೆಲ್ಲ ಸರಪಳಿಯಲ್ಲಿ ಕಟ್ಟಿದೆ. ಅದು ಒಂದು ದಿನ ಹಾಲಿನವನ ಮಗನ ಕಾಲಿಗೆ ಬಾಯಿ ಹಾಕಿತು. ಹುಡುಗನಿಗೆ ಚುಚ್ಚುಮದ್ದು ಕೊಡಿಸಿ, ಅವರಪ್ಪನ ಮುಂದೆ ತಲೆ ತಗ್ಗಿಸಿ ನಿಂತಿದ್ದು ಇನ್ನೂ ನೆನಪಿದೆ. ಈಗ ಮನೆಯಲ್ಲಿರುವ ಮೋತಿ ಮೂರನೆಯದು. ಮೊದಲಿನ ಎರಡು ನಾಯಿಗಳು ಕಲಿಸಿದ್ದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ನಮ್ಮ ಸೀಮೆಯ ನಾಯಿ

ಉಮರ್ಗಾ, ನಿಲಂಗಾ, ಉದಗೀರ ಎಂದರೆ ಎರಡು ಭಾಷೆಯ ನೆಲ. ನಿಲಂಗಾ, ಉದಗೀರ ತಾಲೂಕುಗಳು 1956ರವರೆಗೆ ಬೀದರ ಜಿಲ್ಲೆಯಲ್ಲೇ ಇದ್ದವು. ಆಚೆ ಕನ್ನಡ ಸೀಮೆಯಲ್ಲಿ ಮುಧೋಳ ನಾಯಿ ಎನ್ನುವ ತಳಿಯನ್ನೇ ಇಲ್ಲಿ ಕಾರವಾನಿ ಎನ್ನುತ್ತಾರೆ. ಉದ್ದ ಮೋರೆ, ಬಳುಕುವ ನಡು, ಗಾಳಿಯಂಥ ಓಟ. 2005ರಲ್ಲಿ ಅಂಚೆ ಇಲಾಖೆ ಮುಧೋಳ ನಾಯಿಯ ಚಿತ್ರವಿರುವ ಅಂಚೆಚೀಟಿ ಹೊರತಂದಿತು. 2016ರಲ್ಲಿ ಭಾರತೀಯ ಸೇನೆ ಮುಧೋಳ ಬಳಿಯ ತಿಮ್ಮಾಪುರ ಕೇಂದ್ರದ ಮರಿಗಳನ್ನು ಮೀರತ್‌ಗೆ ಒಯ್ದು ತರಬೇತಿಗೆ ಹಚ್ಚಿತು.

ಇದು ಕಣ್ಣಿನಿಂದ ಬೇಟೆಯಾಡುವ ತಳಿ. ದೂರದಲ್ಲಿ ಏನಾದರೂ ಓಡಿದರೆ ಸಾಕು, ಬೆನ್ನು ಹತ್ತುತ್ತದೆ. ಸೊಲ್ಲಾಪುರ-ಹೈದರಾಬಾದ್ ಹೆದ್ದಾರಿ ಊರೊಳಗೇ ಹಾದುಹೋಗುವ ಉಮರ್ಗಾದಂಥ ಕಡೆ ಕರೆದಾಗ ತಿರುಗಿ ಬರದ ನಾಯಿಯ ಗತಿ ಏನೆಂದು ಬೇರೆ ಹೇಳಬೇಕಿಲ್ಲ. ಇದರ ಇನ್ನೊಂದು ಗುಣ, ಹೊಡೆತ, ಬೈಗುಳ ತಡೆಯದ ಮನಸ್ಸು. ಬೆದರಿದ ಕಾರವಾನಿ ಒಳಗೊಳಗೇ ಮುದುಡಿಕೊಳ್ಳುತ್ತದೆ.

ಯಾವಾಗ ತರಬೇಕು?

ಸಂತೆಯಲ್ಲಿ ತಿಂಗಳ ಮರಿಯನ್ನೂ ಮಾರುತ್ತಾರೆ. ಅವಸರ ಬೇಡ. ಎಂಟು ವಾರವಾದರೂ ಮರಿ ತಾಯಿಯ ಹತ್ತಿರ ಇರಲಿ. ಕಚ್ಚಿದರೆ ಎದುರಿನವರಿಗೆ ನೋವಾಗುತ್ತದೆ ಎಂಬ ಮೊದಲ ಪಾಠವನ್ನು ಅದು ತಾಯಿ ಮತ್ತು ಒಡಹುಟ್ಟಿದವರಿಂದಲೇ ಕಲಿಯುತ್ತದೆ.

ಅಮೆರಿಕದ ಸ್ಕಾಟ್ ಮತ್ತು ಫುಲ್ಲರ್ ಎಂಬ ವಿಜ್ಞಾನಿಗಳು ವರ್ಷಗಟ್ಟಲೆ ಮರಿಗಳನ್ನು ಗಮನಿಸಿ 1965ರಲ್ಲಿ ಪುಸ್ತಕ ಬರೆದರು. ಸುಮಾರು ಮೂರನೇ ವಾರದಿಂದ ಹನ್ನೆರಡನೇ ವಾರದವರೆಗೆ ಮರಿಯ ಮನಸ್ಸು ಹಸಿಗೋಡೆಯಂತಿರುತ್ತದೆ. ಆಗ ಕಂಡ ಮನುಷ್ಯರು, ಕೇಳಿದ ಸದ್ದುಗಳು ಮುಂದೆ ಅದಕ್ಕೆ ಭಯ ಹುಟ್ಟಿಸುವುದಿಲ್ಲ. ಆದ್ದರಿಂದ ಮರಿಗೆ ಮಕ್ಕಳು, ಟೋಪಿ ಹಾಕಿದವರು, ಬುರ್ಖಾ ತೊಟ್ಟವರು, ಕೋಲೂರಿ ನಡೆಯುವ ಅಜ್ಜ, ಎತ್ತಿನ ಬಂಡಿ, ಮಿಕ್ಸರ್ ಸದ್ದು ಎಲ್ಲವನ್ನೂ ಪರಿಚಯಿಸಿ. ಲಸಿಕೆ ಪೂರ್ತಿ ಆಗುವವರೆಗೆ ಬೀದಿಗೆ ಇಳಿಸಬೇಡಿ, ಎತ್ತಿಕೊಂಡೇ ತಿರುಗಾಡಿಸಿ. ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ?

ಉಚ್ಚೆಯ ಕಿರಿಕಿರಿ

ಹೊಸ ಮರಿ ತಂದ ಮನೆಯಲ್ಲಿ ಮೊದಲ ಜಗಳ ಇದಕ್ಕೇ. ಎರಡು ತಿಂಗಳ ಮರಿ ಹಗಲಿನಲ್ಲಿ ಎರಡು, ಹೆಚ್ಚೆಂದರೆ ಮೂರು ತಾಸು ತಡೆದೀತು. ನಿದ್ದೆಯಿಂದ ಎದ್ದ ಕೂಡಲೇ, ಉಂಡ ಮೇಲೆ, ಆಟವಾಡಿದ ಮೇಲೆ ಅಂಗಳದ ಒಂದೇ ಜಾಗಕ್ಕೆ ಒಯ್ದು ಬಿಡಿ. ಅಲ್ಲಿ ಕೆಲಸ ಮುಗಿಸಿದ ತಕ್ಷಣ "ಶಾಬಾಶ್" ಎಂದು ತುಸು ರೊಟ್ಟಿ ಕೊಡಿ. ಒಳಗೆ ಬಂದ ಮೇಲೆ ಕೊಟ್ಟರೆ ಯಾತಕ್ಕೆ ಕೊಟ್ಟಿರಿ ಎಂದು ಅದಕ್ಕೆ ತಿಳಿಯುವುದಿಲ್ಲ.

ಮನೆಯೊಳಗೆ ಮಾಡಿದರೆ ಮೂತಿ ಹಿಡಿದು ಅದಕ್ಕೆ ತಿಕ್ಕುವವರಿದ್ದಾರೆ. ನಾನೂ ತಿಕ್ಕಿದ್ದೆ. ಅದರಿಂದ ಮರಿ ಕಲಿಯುವುದು ಒಂದೇ, ಯಜಮಾನನ ಮುಂದೆ ಉಚ್ಚೆ ಹೊಯ್ಯಬಾರದು ಎಂಬುದು. ಆಮೇಲೆ ಬಾಗಿಲ ಹಿಂದೆ, ಕಪಾಟಿನ ಸಂದಿಯಲ್ಲಿ ಹೊಯ್ಯುತ್ತದೆ. ಬೈಯದೆ ಒರೆಸಿ, ವಾಸನೆ ಉಳಿಯದಂತೆ ತೊಳೆಯಿರಿ. ಫಿನಾಯಿಲ್ ಹಾಕಿದ ನೆಲ ಒಣಗುವವರೆಗೆ ಮರಿಯನ್ನು ಹತ್ತಿರ ಬಿಡಬೇಡಿ, ನೆಕ್ಕಿದರೆ ವಿಷ.

"ಬಸ್" ಎಂದರೆ ಏನು?

ನಮ್ಮ ಭಾಗದ ಮನೆಗಳಲ್ಲಿ ಒಂದು ವಿಶೇಷ ತೊಡಕಿದೆ. ಅವ್ವ "ಕೂಡು" ಎನ್ನುತ್ತಾಳೆ. ಔಸಾ ಕಡೆಯಿಂದ ಬಂದ ಸೊಸೆ "ಬಸ್" ಎನ್ನುತ್ತಾಳೆ. ಇಂಗ್ಲಿಷ್ ಶಾಲೆಗೆ ಹೋಗುವ ಮೊಮ್ಮಗ "ಸಿಟ್" ಎನ್ನುತ್ತಾನೆ. ಊಟಕ್ಕೆ ಕೂತ ಬೀಗರು ಇನ್ನೊಂದು ರೊಟ್ಟಿ ಬೇಡವೆಂದು "ಬಸ್, ಬಸ್" ಎನ್ನುತ್ತಾರೆ! ಪಾಪ, ಮರಿ ಯಾರ ಮಾತು ಕೇಳಬೇಕು?

ನಾಯಿಗೆ ಕನ್ನಡವೂ ಇಲ್ಲ, ಮರಾಠಿಯೂ ಇಲ್ಲ. ಒಂದು ಸದ್ದು, ಅದರ ಬೆನ್ನಿಗೇ ಬರುವ ಒಂದು ಫಲ, ಇವೆರಡರ ನಂಟು ಮಾತ್ರ ಅದಕ್ಕೆ ಗೊತ್ತು. ರಷ್ಯಾದ ಪಾವ್ಲೊವ್ ನೂರು ವರ್ಷಗಳ ಹಿಂದೆಯೇ ನಾಯಿಗಳ ಮೇಲೆ ಪ್ರಯೋಗ ಮಾಡಿ ಇದನ್ನು ತೋರಿಸಿದ್ದರು. ಆದ್ದರಿಂದ ಮನೆಮಂದಿಯೆಲ್ಲ ಸೇರಿ ಐದೇ ಮಾತು ಗೊತ್ತುಮಾಡಿ: ಬಾ, ಕೂಡು, ನಿಲ್ಲು, ಬಿಡು, ಬೇಡ. ಬೇಕಾದರೆ ಬರೆದು ಗೋಡೆಗೆ ಅಂಟಿಸಿ. ನಮ್ಮ ಮನೆಯಲ್ಲಿ ಹಾಗೆಯೇ ಮಾಡಿದೆವು.

"ಕೂಡು" ಕಲಿಸುವುದು ಸುಲಭ. ರೊಟ್ಟಿಯ ಚೂರನ್ನು ಮೂಗಿನ ಹತ್ತಿರ ಹಿಡಿದು ಮೆಲ್ಲಗೆ ತಲೆಯ ಮೇಲಕ್ಕೆ ಒಯ್ಯಿರಿ. ಮೋರೆ ಮೇಲೆದ್ದಂತೆ ಹಿಂಭಾಗ ತಾನೇ ನೆಲಕ್ಕೆ ತಾಗುತ್ತದೆ. ತಾಗಿದ ಗಳಿಗೆಯಲ್ಲೇ ಚೂರು ಕೊಡಿ. ಹೀಗೆ ಸಲೀಸಾದ ಮೇಲೆ ಮಾತು ಸೇರಿಸಿ. ಐದು ನಿಮಿಷದಂತೆ ದಿನಕ್ಕೆ ಮೂರು ಸಲ ಸಾಕು.

"ಬಾ" ಎಂಬುದು ಎಲ್ಲಕ್ಕಿಂತ ದೊಡ್ಡ ಪಾಠ. ಅದು ನಾಯಿಯ ಜೀವ ಉಳಿಸುವ ಮಾತು. "ಬಾ" ಎಂದು ಕರೆದು ಎಂದೂ ಹೊಡೆಯಬೇಡಿ, ಬೈಯಬೇಡಿ. ತಪ್ಪು ಮಾಡಿ ತಡವಾಗಿ ಬಂದರೂ ಬಂದದ್ದಕ್ಕೆ ಮೆಚ್ಚುಗೆ ಸಿಗಲಿ. ಮೊದಲು ಕೋಣೆಯೊಳಗೆ, ಆಮೇಲೆ ಅಂಗಳದಲ್ಲಿ, ಕೊನೆಗೆ ಉದ್ದ ಹಗ್ಗ ಕಟ್ಟಿ ಹೊಲದಲ್ಲಿ ಕಲಿಸಿ. ದೇವಣಿ ಹೋರಿಯನ್ನು ಪಳಗಿಸುವ ನಮ್ಮ ರೈತ ಮೊದಲ ದಿನವೇ ಅದರ ಹೆಗಲಿಗೆ ನೇಗಿಲು ಹೂಡುತ್ತಾನೆಯೇ?

ಹಲ್ಲು ಬರುವ ಕಾಲ

ನಾಲ್ಕು ತಿಂಗಳಿಗೆ ಹಾಲುಹಲ್ಲು ಉದುರತೊಡಗುತ್ತವೆ. ಒಸಡು ತುರಿಸಿ ಚಪ್ಪಲಿ, ಸೀರೆಯ ಸೆರಗು ಏನು ಸಿಕ್ಕರೂ ಕಡಿಯುತ್ತದೆ. ಹಳೆ ಬಟ್ಟೆಯ ಗಂಟು ಕೊಡಿ. ನಿಮ್ಮ ಕೈ ಕಚ್ಚಿದರೆ ಆಟ ನಿಲ್ಲಿಸಿ, ಎದ್ದು ಹೋಗಿ. ಕಚ್ಚಿದರೆ ಆಟ ಮುಗಿಯಿತು ಎಂಬುದೇ ಅದಕ್ಕೆ ಸಾಕಷ್ಟು ಶಿಕ್ಷೆ. ಈರುಳ್ಳಿ, ದ್ರಾಕ್ಷಿ, ಚಾಕೊಲೇಟ್ ಬಾಯಿಗೆ ಸಿಗದಂತೆ ಇಡಿ, ಮೂರೂ ನಾಯಿಗೆ ಆಗಿಬರುವುದಿಲ್ಲ. ನಮ್ಮ ಬೇಸಿಗೆಯಲ್ಲಿ ಮಧ್ಯಾಹ್ನ ಡಾಂಬರು ರಸ್ತೆಗೆ ಇಳಿಸಬೇಡಿ. ನಿಮ್ಮ ಅಂಗೈ ಹಿಂಭಾಗ ತಾಳದ ಕಾವು ಅದರ ಪಾದಕ್ಕೂ ತಾಳದು.

ಚುಚ್ಚುಮದ್ದು ತಪ್ಪಿಸಬೇಡಿ

ಪಾರ್ವೊ, ಡಿಸ್ಟೆಂಪರ್ ಲಸಿಕೆ ಆರರಿಂದ ಎಂಟನೇ ವಾರದಲ್ಲಿ ಶುರುವಾಗಬೇಕು. ಮೂರು-ನಾಲ್ಕು ವಾರಕ್ಕೊಮ್ಮೆಯಂತೆ ಹದಿನಾರನೇ ವಾರದವರೆಗೆ ಮತ್ತೆ ಮತ್ತೆ ಹಾಕಿಸಬೇಕು. ಮೂರು ತಿಂಗಳಿಗೆ ರೇಬಿಸ್ ಲಸಿಕೆ, ಮುಂದೆ ವೈದ್ಯರು ಹೇಳಿದ ಲೆಕ್ಕದಲ್ಲಿ. ಜಂತುಹುಳದ ಔಷಧಿಯೂ ಬೇಕು. ಉದಗೀರದಲ್ಲಿ ಪಶುವೈದ್ಯಕೀಯ ಕಾಲೇಜು ಇದೆ, ಗಡಿಯಾಚೆ ಬೀದರಿನಲ್ಲಿ ಪಶುವೈದ್ಯಕೀಯ ವಿಶ್ವವಿದ್ಯಾಲಯವೇ ಇದೆ.

ರೇಬಿಸ್ ಲಕ್ಷಣ ಕಾಣಿಸಿಕೊಂಡ ಮೇಲೆ ಮನುಷ್ಯ ಬದುಕುವುದು ಇಲ್ಲವೆಂದೇ ಹೇಳಬೇಕು. ಯಾವುದೇ ನಾಯಿ ಕಚ್ಚಲಿ, ಗಾಯವನ್ನು ಸೋಪು ಹಚ್ಚಿ ಹರಿಯುವ ನೀರಿನಲ್ಲಿ ಹದಿನೈದು ನಿಮಿಷ ತೊಳೆಯಿರಿ. ಖಾರದ ಪುಡಿ, ಸುಣ್ಣ ಹಚ್ಚಬೇಡಿ. ಅಂದೇ ಆಸ್ಪತ್ರೆಗೆ ಹೋಗಿ, ಹೇಳಿದಷ್ಟೂ ಚುಚ್ಚುಮದ್ದು ಪೂರ್ತಿ ಹಾಕಿಸಿಕೊಳ್ಳಿ.

ಖಂಡೋಬಾನ ಜೊತೆ ನಾಯಿ ಇದೆ, ಗಾಣಗಾಪುರದ ದತ್ತನ ಚಿತ್ರದಲ್ಲಿ ನಾಲ್ಕು ನಾಯಿಗಳಿವೆ. ಕೈ ಮುಗಿದು ಬಂದ ನಾವೇ ಮನೆಯ ಕುನ್ನಿಯನ್ನು ಕೋಲಿನಿಂದ ಬಡಿಯುತ್ತೇವೆ. ಓಣಿಯ ಆ ಹುಡುಗನಿಗೆ ನಾನು ಹೇಳಿದ್ದು ಇಷ್ಟೇ: "ತಮ್ಮಾ, ಕೋಲು ಅಟ್ಟಕ್ಕ ಇಡು. ಮಂಚದ ಹತ್ರ ನೆಲದ ಮ್ಯಾಲ ಕೂಡು, ಕೈಯಾಗ ರೊಟ್ಟಿ ಹಿಡ್ಕೊ, ಸುಮ್ನಿರು. ಅದು ತಾನ ಬರ್ತದ."

ನಾಲ್ಕನೇ ದಿನ ಬಂತಂತೆ.