ಹೊಳೆ ಕಟ್ಟಿಸಿದ ಊರು

ಅಕ್ಕನ ಮಗಳು ಕಲಬುರಗಿಯವಳು, ಬೆಂಗಳೂರಿನಲ್ಲಿ ಎಂಜಿನಿಯರಿಂಗ್ ಓದುತ್ತಾಳೆ. ಒಂದು ಶನಿವಾರ ಬೆಳಿಗ್ಗೆ ಕಾಚಿಗುಡ ಸ್ಟೇಷನ್ನಿನಲ್ಲಿ ಇಳಿದವಳೇ, ‘ಮಾಮಾ, ಒಂದ ದಿನ ಟೈಮ್ ಅದ. ಚಾರ್‌ಮಿನಾರ್, ಬಳಿ, ಬಿರಿಯಾನಿ. ಅಷ್ಟ ಸಾಕು’ ಅಂದಳು.

ಹೈದರಾಬಾದಿಗೆ ಬರುವ ಹೆಚ್ಚಿನವರ ಪಟ್ಟಿ ಇಷ್ಟೇ. 1591ರ ಚಾರ್‌ಮಿನಾರ್ ಏರಿಳಿದು, ಇರಾನಿ ಚಹಾ ಕುಡಿದು, ಲಾಡ್ ಬಜಾರಿನಲ್ಲಿ ಬಳೆಗೆ ಚೌಕಾಸಿ ಮುಗಿಸುವಷ್ಟರಲ್ಲಿ ಹನ್ನೊಂದಾಯಿತು. ಅದನ್ನೆಲ್ಲ ಬೇಕಾದಷ್ಟು ಜನ ಬರೆದಿದ್ದಾರೆ, ಬಿಡಿ. ನನಗೆ ಅವಳನ್ನು ಕರೆದೊಯ್ಯಬೇಕಿದ್ದದ್ದು ಮೂಸಿ ಹೊಳೆಯ ದಂಡೆಗೆ.

ಸಾಲಾರ್ ಜಂಗ್ ಮ್ಯೂಸಿಯಮ್ಮನ್ನು ಹನ್ನೆರಡಕ್ಕೆ ಮೊದಲೇ ಸೇರಿಕೊಳ್ಳಬೇಕು. ಕುಕ್ ಅಂಡ್ ಕೆಲ್ವಿ ಕಂಪನಿಯ ಗಡಿಯಾರದೆದುರು ಮಕ್ಕಳು ಮರಿ ಎಲ್ಲ ಕಾದು ಕುಳಿತಿರುತ್ತಾರೆ. ಗಂಟೆಗೆ ಮೂರು ನಿಮಿಷ ಮೊದಲು ಪುಟ್ಟ ಬಾಗಿಲು ತೆರೆದು ಗಡ್ಡದ ಗೊಂಬೆಯೊಂದು ಹೊರಬರುತ್ತದೆ, ಜಾಗಟೆ ಬಾರಿಸಿ ಒಳಗೆ ಹೋಗುತ್ತದೆ. ಪಕ್ಕದಲ್ಲಿ ಗೊಂಬೆ ಕಮ್ಮಾರ ಸೆಕೆಂಡಿಗೊಂದು ಸುತ್ತಿಗೆ ಏಟು ಹಾಕುತ್ತಲೇ ಇರುತ್ತಾನೆ. ಹನ್ನೆರಡಕ್ಕೆ ಹೋದರೆ ಜಾಗಟೆಗೆ ಹನ್ನೆರಡು ಏಟು. ಒಂದು ಗಂಟೆಗೆ ಹೋದವರಿಗೆ ಒಂದೇ.

ಹುಡುಗಿ ಬಹಳ ಹೊತ್ತು ನಿಂತದ್ದು ಮಾತ್ರ ಮುಸುಕಿನ ರೆಬೆಕಾ ಎದುರು. ಇಟಲಿಯ ಬೆಂಜೋನಿ ಕೆತ್ತಿದ ಅಮೃತಶಿಲೆಯ ಮೂರ್ತಿ ಅದು. ಮುಖ, ಮುಸುಕು ಎರಡೂ ಕಲ್ಲೇ. ಆದರೂ ಸೆರಗಿನ ಹಿಂದೆ ಕಣ್ಣು ಕಾಣುತ್ತದೆ. 1876ರಲ್ಲಿ ರೋಮ್‌ಗೆ ಹೋಗಿದ್ದ ದಿವಾನ ಮೊದಲನೇ ಸಾಲಾರ್ ಜಂಗ್ ಅದನ್ನು ಕೊಂಡು ತಂದ. ಸಂಗ್ರಹವನ್ನು ಬೆಟ್ಟದಷ್ಟು ಬೆಳೆಸಿದವನು ಮೊಮ್ಮಗ, ಮೂರನೇ ಸಾಲಾರ್ ಜಂಗ್. ಮದುವೆಯಾಗದ ಆತ 1949ರಲ್ಲಿ ತೀರಿಕೊಂಡ. 1951ರ ಡಿಸೆಂಬರ್ 16ರಂದು ಅವನ ದಿವಾನ್ ದೇವಡಿ ಅರಮನೆಯಲ್ಲೇ ನೆಹರೂ ಮ್ಯೂಸಿಯಂ ಉದ್ಘಾಟಿಸಿದರು. ಹೊಳೆದಂಡೆಯ ಈಗಿನ ಕಟ್ಟಡಕ್ಕೆ ಅದು ಬಂದದ್ದು 1968ರಲ್ಲಿ.

ಹೊರಬಂದು ನಯಾಪುಲ್ ಸೇತುವೆ ಮೇಲೆ ನಿಂತೆವು. ಕೆಳಗೆ ಕಪ್ಪು ನೀರು. ಮೂಗು ಮುಚ್ಚಿಕೊಂಡೇ ಕೇಳಿದಳು: ‘ಇದೇನ್ ಹೊಳಿನೋ ಗಟಾರೋ?’

ಇದೇ ಹೊಳೆ 1908ರ ಸೆಪ್ಟೆಂಬರ್ 28ರಂದು ಊರಿಗೆ ನುಗ್ಗಿತ್ತು. ಮೇಲಿನ ಜಲಾನಯನದಲ್ಲಿ ಇನ್ನೂರಕ್ಕೂ ಹೆಚ್ಚು ಕೆರೆಗಳು ಒಂದರ ಹಿಂದೊಂದು ಒಡೆದವು. ಸತ್ತವರು ಸುಮಾರು 15,000 ಎಂಬ ಅಂದಾಜಿದೆ. ಆಗ ನಿಜಾಮ್ ಸರ್ಕಾರ ಕರೆ ಕಳಿಸಿದ್ದು ಮುಂಬೈ ಪ್ರಾಂತ್ಯದ ಕೆಲಸ ಬಿಟ್ಟು ಯುರೋಪ್ ಸುತ್ತುತ್ತಿದ್ದ ಒಬ್ಬ ಎಂಜಿನಿಯರಿಗೆ.

‘ಯಾರಿಗೆ?’

‘ನಿನ್ನ ಮಾರ್ಕ್ಸ್‌ ಕಾರ್ಡಿನ ಮೇಲೆ ಹೆಸರಿದೆಯಲ್ಲ, ಅವರಿಗೆ.’

ವಿಶ್ವೇಶ್ವರಯ್ಯನವರು 1909ರಲ್ಲಿ ಬಂದರು, ಕೆಲವೇ ತಿಂಗಳು ಇದ್ದರು. ಆ ವರ್ಷದ ಕೊನೆಗೆ ಮೈಸೂರಿನ ಚೀಫ್ ಎಂಜಿನಿಯರ್ ಹುದ್ದೆಗೆ ಹೊರಟೂ ಹೋದರು. ಅವರ ಸಲಹೆ ಸರಳವಾಗಿತ್ತು: ಊರಿಗೆ ಬರುವ ಮೊದಲೇ ಪ್ರವಾಹವನ್ನು ಮೇಲೆ ಹಿಡಿದಿಡಿ, ಊರೊಳಗೆ ದಂಡೆ ಎತ್ತರಿಸಿ, ಚರಂಡಿ ಕಟ್ಟಿ. ಅದರಂತೆ ಮೂಸಿಗೆ ಅಡ್ಡಲಾಗಿ ಉಸ್ಮಾನ್ ಸಾಗರ 1920ರಲ್ಲಿ, ಉಪನದಿ ಈಸಿಗೆ ಹಿಮಾಯತ್ ಸಾಗರ 1927ರಲ್ಲಿ ಮುಗಿದವು. ನೆರೆ ತಡೆಯಲು ಕಟ್ಟಿದ ಈ ಜಲಾಶಯಗಳೇ ಊರಿಗೆ ಕುಡಿಯುವ ನೀರನ್ನೂ ಕೊಟ್ಟವು.

ನಗರ ಸುಧಾರಣೆಗೆಂದೇ 1912ರಲ್ಲಿ ಮಂಡಳಿಯಾಯಿತು. ದಂಡೆಯ ಆಚೀಚೆ ಹೈಕೋರ್ಟ್, ಉಸ್ಮಾನಿಯಾ ಆಸ್ಪತ್ರೆ ಎದ್ದವು. ಎರಡರ ವಿನ್ಯಾಸವೂ ವಿನ್ಸೆಂಟ್ ಎಶ್ ಎಂಬ ಇಂಗ್ಲಿಷ್ ವಾಸ್ತುಶಿಲ್ಪಿಯದು. ಬೆಳಿಗ್ಗೆ ಅವಳು ಇಳಿದ ಕಾಚಿಗುಡ ಸ್ಟೇಷನ್ನೂ ಅವನದೇ. ನಾವು ‘ನವಾಬರ ಕಾಲದ್ದು’ ಎಂದು ಫೋಟೊ ಹೊಡೆಯುವ ಗುಮ್ಮಟಗಳಲ್ಲಿ ಹಲವು ನೆರೆಯ ನಂತರದವು. ನನ್ನ ಮಟ್ಟಿಗೆ ಈ ಊರಿನ ಎರಡನೇ ಸ್ಥಾಪಕ ಮೂಸಿಯೇ.

ಸೇತುವೆ ದಾಟಿ ಆಸ್ಪತ್ರೆ ಆವರಣಕ್ಕೆ ಹೋದೆವು. ಅಲ್ಲೊಂದು ಹಳೇ ಹುಣಸೆಮರ. ನೆರೆಯ ದಿನ ಸುಮಾರು 150 ಮಂದಿ ಕೊಂಬೆ ಹಿಡಿದು ಜೀವ ಉಳಿಸಿಕೊಂಡದ್ದು ಇದರ ಮೇಲೆ. ಹುಡುಗಿ ಫೋನ್ ಚೀಲಕ್ಕೆ ಹಾಕಿ, ಕಾಂಡಕ್ಕೆ ಕೈಯಿಟ್ಟು ಮೇಲೆ ನೋಡಿದಳು. ಬಿರಿಯಾನಿ ನಾಲ್ಕು ಗಂಟೆಗೆ ಆಯಿತು.

ಹೋಗುವವರು ಶುಕ್ರವಾರ ಬಿಟ್ಟು ಹೋಗಿ, ಮ್ಯೂಸಿಯಂಗೆ ಅಂದು ರಜೆ. ಹುಣಸೆಮರ ಎಲ್ಲಿ ಎಂದು ಆಸ್ಪತ್ರೆಯಲ್ಲಿ ಯಾರನ್ನಾದರೂ ಕೇಳಿ.