ನಮ್ಮ ಮಾತಿಗೂ ಒಂದು ಬಾಗಿಲು



ಗೋಡೆಗೂ ಕಿವಿ ಇದೆ ಎಂದು ಹಿರಿಯರು ಹೇಳುತ್ತಾರೆ. ಈಗ ಫೋನಿಗೂ ಕಿವಿ ಇದೆ. ದೇಶದ ಭದ್ರತೆಗಾಗಿ ಸರ್ಕಾರ ಕೆಲವರ ಫೋನ್ ಮಾತು ಕೇಳಬಹುದೆಂದು ಕಾನೂನೇ ಇದೆ. ಆದರೆ ಅದನ್ನು ಬೇಕಾದ ಹಾಗೆ ಬಳಸಿದರೆ? 1988ರಲ್ಲಿ ನಮ್ಮ ರಾಜ್ಯದಲ್ಲೇ ಫೋನ್ ಕದ್ದು ಕೇಳಿದರೆಂಬ ಆರೋಪ ಬಂದು ಮುಖ್ಯಮಂತ್ರಿ ರಾಮಕೃಷ್ಣ ಹೆಗಡೆಯವರು ರಾಜೀನಾಮೆ ಕೊಟ್ಟರು.

"ನಾವೇನು ಕಳ್ಳರಾ? ನಮಗ್ಯಾಕೆ ಭಯ?" ಅಂತ ಕೆಲವರು ಕೇಳ್ತಾರೆ. ಬಚ್ಚಲಮನೆ ಬಾಗಿಲು ಹಾಕ್ಕೊಳ್ಳೋರೆಲ್ಲ ಕಳ್ಳರಲ್ಲವಲ್ಲ! ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಾಧೀಶರಾದ ಕೆ. ಎಸ್. ಪುಟ್ಟಸ್ವಾಮಿಯವರು 2012ರಲ್ಲಿ, ಎಂಬತ್ತು ದಾಟಿದ ವಯಸ್ಸಿನಲ್ಲಿ, ಆಧಾರ್ ವಿಷಯವಾಗಿ ಸುಪ್ರೀಂ ಕೋರ್ಟಿಗೆ ಹೋದರು. 24 ಆಗಸ್ಟ್ 2017ರಂದು 9 ನ್ಯಾಯಾಧೀಶರೂ ಒಮ್ಮತದಿಂದ "ಖಾಸಗಿತನ ಮೂಲಭೂತ ಹಕ್ಕು" ಎಂದು ತೀರ್ಪು ಕೊಟ್ಟರು. ಹಕ್ಕು ಸಿಕ್ಕಿದೆ. ಅದನ್ನು ಕಾಪಾಡಿಕೊಳ್ಳುವ ಅಭ್ಯಾಸ ನಮಗೂ ಇರಬೇಕು.

1. ಕಾರ್ಡು, ಲಕೋಟೆ: ಎಸ್‌ಎಂಎಸ್ ಅಂಚೆ ಕಾರ್ಡಿನ ಹಾಗೆ. ಫೋನ್ ಕಂಪನಿಯ ಕಡೆಯಿಂದ ಅದನ್ನು ಓದಲು ಸಾಧ್ಯ. ವಾಟ್ಸಾಪ್, ಸಿಗ್ನಲ್ ಸಂದೇಶಗಳು ಅಂಟಿಸಿದ ಲಕೋಟೆಯ ಹಾಗೆ. ದಾರಿಯಲ್ಲಿ ಯಾರೂ ಓದಲಾಗದು. ಆದರೆ ಲಕೋಟೆ ಮೇಲೆ ವಿಳಾಸ ಇರುತ್ತದಲ್ಲ! ಯಾರು, ಯಾರಿಗೆ, ಯಾವಾಗ ಕಳಿಸಿದರು ಎಂಬುದು ವಾಟ್ಸಾಪ್ ಕಂಪನಿಗೆ ತಿಳಿಯುತ್ತದೆ. ಸಿಗ್ನಲ್ ಇಂಥ ವಿವರಗಳನ್ನು ಬಹಳ ಕಡಿಮೆ ಇಟ್ಟುಕೊಳ್ಳುತ್ತದೆ.

2. ಬೀಗ: ಓದಿದ ಪತ್ರ ಫೋನಿನಲ್ಲೇ ಉಳಿದಿರುತ್ತದೆ. ಆದ್ದರಿಂದ ಫೋನಿಗೆ 6 ಅಂಕಿಯ ಲಾಕ್ ಹಾಕಿ. 123456 ಬೇಡ, ಹುಟ್ಟಿದ ತಾರೀಖೂ ಬೇಡ.

3. ಅನುಮತಿ: ಟಾರ್ಚ್ ಆಪ್‌ಗೆ ನಮ್ಮ ನೆಂಟರ ನಂಬರೆಲ್ಲ ಯಾಕೆ ಬೇಕು? ಸೆಟ್ಟಿಂಗ್ಸ್‌ಗೆ ಹೋಗಿ ಬೇಡದ ಆಪ್‌ಗಳಿಗೆ ಮೈಕ್, ಕ್ಯಾಮೆರಾ, ಲೊಕೇಶನ್ ಬಂದ್ ಮಾಡಿ. ಒಂದು ಮಾತು ನೆನಪಿರಲಿ. ಲೊಕೇಶನ್ ಬಂದ್ ಮಾಡಿದರೂ ನಾವು ಯಾವ ಟವರಿನ ಹತ್ತಿರ ಇದ್ದೇವೆಂದು ಫೋನ್ ಕಂಪನಿಗೆ ಗೊತ್ತಾಗುತ್ತದೆ.

4. ಆಧಾರ್: ಒಂದೇ ನಂಬರನ್ನು ಕಂಡ ಕಂಡಲ್ಲಿ ಕೊಟ್ಟರೆ ನಮ್ಮ ವಿಷಯಗಳನ್ನೆಲ್ಲ ಒಂದೇ ದಾರದಲ್ಲಿ ಪೋಣಿಸಿಬಿಡಬಹುದು. ಕೊನೆಯ 4 ಅಂಕಿ ಮಾತ್ರ ಕಾಣುವ ಆಧಾರ್ ಕೂಡ ಸಿಗುತ್ತದೆ. ಪೂರ್ತಿ ನಂಬರ್ ಬೇಡದ ಕಡೆ ಅದರ ಜೆರಾಕ್ಸ್ ಕೊಟ್ಟರೆ ಸಾಕು.

ಇವೆಲ್ಲ ಮಾಡಿದರೂ ಪೂರ್ತಿ ಮರೆಯಾಗಲು ಆಗುವುದಿಲ್ಲ. ಆದರೆ ಬಾಗಿಲು ಹಾರು ಹೊಡೆದು ಇಡುವುದಕ್ಕಿಂತ ಚಿಲಕ ಹಾಕುವುದು ಮೇಲು. ಇವತ್ತು ಸಂಜೆ ಅಪ್ಪ ಅಮ್ಮನ ಜೊತೆ ಕೂತು ಮನೆಯ ಫೋನನ್ನು ಒಮ್ಮೆ ನೋಡಿ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು!

– 7ನೇ ತರಗತಿ ವಿದ್ಯಾರ್ಥಿನಿ