ಸಿರಸಂಗಿಯ ವಾಡೆ

ಸವದತ್ತಿಯ ಸೀಮೆಯಲ್ಲಿ ಸಿರಸಂಗಿ ಎಂದೊಡನೆ ಹಲವರಿಗೆ ಕಾಳಮ್ಮನ ಗುಡಿಯು ನೆನಪಾಗುವದು. ಈ ಸಲ ನಾವು ವಾಚಕರ ಲಕ್ಷ್ಯವನ್ನು ಆ ಊರಿನ ದೇಸಾಯರ ವಾಡೆಯ ಕಡೆಗೆ ತಿರುಗಿಸಬಯಸುತ್ತೇವೆ.

ವಾಡೆಯೆಂದರೆ ಅರಮನೆಯೆಂದು ದೂರದವರು ತಿಳಿಯುವದುಂಟು. ದೇಸಾಯರು ಹಿಂದಿನ ಅರಸರ ಕಾಲದಲ್ಲಿ ಹಳ್ಳಿಗಳ ಕಂದಾಯವನ್ನು ಕೂಡಿಸಿ ಸರಕಾರಕ್ಕೆ ಸಲ್ಲಿಸುತ್ತಿದ್ದ ವತನದಾರರು. ಆ ಕಂದಾಯವಾದರೂ ಹೊಲದಿಂದಲೇ ಹುಟ್ಟತಕ್ಕದ್ದು. ಆದುದರಿಂದ ವಾಡೆಯನ್ನು ದೊಡ್ಡದಾಗಿ ಬೆಳೆದ ಒಕ್ಕಲತನದ ಮನೆಯೆಂದರೆ ತಪ್ಪಾಗಲಾರದು. ಈ ಎರೆಯ ಸೀಮೆಯ ಒಕ್ಕಲ ಮನೆಯ ಕಟ್ಟೋಣವನ್ನು ನೋಡಿರಿ: ದಪ್ಪ ಗೋಡೆಗಳು, ಮೇಲೆ ಮಣ್ಣಿನ ಮೇಲ್ಮುದ್ದೆ, ಅದರಲ್ಲೊಂದು ಬೆಳಕಿಂಡಿ, ತಲೆಬಾಗಿಲು ದಾಟಿದೊಡನೆ ದನಗಳ ಗೋದಲಿ, ಅದಕ್ಕಿಂತ ತುಸು ಎತ್ತರದಲ್ಲಿ ಪಡಸಾಲೆ, ಒಳಗೆ ದೇವರ ಕೋಣೆ, ಅಡಿಗೆಯ ಮನೆ. ಎತ್ತಿಗೂ ಯಜಮಾನನಿಗೂ ಸೂರು ಒಂದೇ. ರಾತ್ರಿ ಎತ್ತು ಕೆಮ್ಮಿದರೆ ಅವನಿಗೆ ಎಚ್ಚರ! ಜೋಳವು ಹಗೇವಿನಲ್ಲಿ. ನೆಲವನ್ನು ಆಳವಾಗಿ ತೋಡಿ, ಒಳಗೆ ಸುತ್ತಲೂ ಹುಲ್ಲು ಹೊದಿಸಿ, ಕಾಳು ತುಂಬಿ, ಬಾಯಿಗೆ ಕಲ್ಲು ಮಣ್ಣು ಮುಚ್ಚಿದರೆ ಗಾಳಿಯಾಡದೆ ಹುಳ ಹತ್ತುವದಿಲ್ಲ. ವರುಷಗಟ್ಟಲೆ ಕಾಳು ಉಳಿಯುವದು. ಆದರೆ ಬಾಯಿ ತೆರೆದ ಕೂಡಲೆ ಇಳಿಯಲಾಗದು. ಒಳಗಿನ ಕೆಟ್ಟ ಗಾಳಿಯು ಜೀವಕ್ಕೆ ಎರವು. ದೀಪವನ್ನು ಇಳಿಬಿಟ್ಟು ಅದು ಆರದಿದ್ದರೆ ಮಾತ್ರ ಆಳು ಇಳಿಯತಕ್ಕದ್ದು.

ಬರಗಾಲಕ್ಕೆ ಹಗೇವಿತ್ತು, ಸಂತಾನವಿಲ್ಲದ ಮನೆಗೆ ಏನಿತ್ತು? ದತ್ತಕವೊಂದೇ. ಅದೂ ನಡೆಯದಾದಾಗ ಏನಾಗುವದೆಂಬದನ್ನು ನೆರೆಯ ಕಿತ್ತೂರು ಕಂಡಿತ್ತು. 1824ರಲ್ಲಿ ಅಲ್ಲಿಯ ದೇಸಾಯಿ ಶಿವಲಿಂಗರುದ್ರಸರ್ಜನು ಮಕ್ಕಳಿಲ್ಲದೆ ತೀರಿಕೊಳ್ಳಲು, ಕಂಪನಿ ಸರಕಾರವು ದತ್ತಕವನ್ನು ಒಪ್ಪಲಿಲ್ಲ. ರಾಣಿ ಚೆನ್ನಮ್ಮನು ಕಾದಿದಳು, ಆ ವರುಷದ ಕೊನೆಗೆ ಕೋಟೆಯು ಬಿದ್ದಿತು.

ಸಿರಸಂಗಿ-ನವಲಗುಂದದ ಮನೆತನವೂ ದತ್ತಕದಿಂದಲೇ ಉಳಿಯಿತು. ಈಗಿನ ಗದಗ ಜಿಲ್ಲೆಯ ಶಿಗ್ಲಿಯಲ್ಲಿ 1861ರಲ್ಲಿ ಹುಟ್ಟಿದ ರಾಮಪ್ಪನೆಂಬ ಹುಡುಗನನ್ನು ಬಾಲ್ಯದಲ್ಲಿಯೇ ತಂದು ಲಿಂಗರಾಜನೆಂದು ಹೆಸರಿಟ್ಟರು. ಹೆತ್ತ ತಾಯಿಯ ಮಡಿಲಿನಿಂದ ಆ ಎತ್ತರದ ಪಡಸಾಲೆಗೆ ಬಂದ ಮಗುವಿನ ಮನಸ್ಸನ್ನು ನಮ್ಮ ಗೃಹಿಣಿಯರೇ ಊಹಿಸಲಿ. ಮುಂದೆ ಈ ಲಿಂಗರಾಜ ದೇಸಾಯರೇ 1904ರಲ್ಲಿ ಧಾರವಾಡದಲ್ಲಿ ಕೂಡಿದ ಮೊದಲನೆಯ ವೀರಶೈವ ಮಹಾಸಭೆಗೆ ಅಧ್ಯಕ್ಷರಾದರು.

ಆದರೆ ದೈವದಾಟವನ್ನು ನೋಡಿರಿ. ಮನೆತನವನ್ನು ಮುಂದುವರಿಸಲು ಬಂದವರಿಗೇ ಮುಂದುವರಿಸುವ ಸಂತಾನವು ಉಳಿಯಲಿಲ್ಲ. ಮತ್ತೊಬ್ಬ ತಾಯಿಯ ಮಗನನ್ನು ತರಬಹುದಾಗಿತ್ತು, ಲೋಕರೂಢಿಯೂ ಅದೇ. ಅವರು ಹಾಗೆ ಮಾಡದೆ, ತಮ್ಮ ಆಸ್ತಿಯನ್ನೆಲ್ಲ ಸಮಾಜದ ಬಡ ವಿದ್ಯಾರ್ಥಿಗಳ ಓದಿಗಾಗಿ ಮೃತ್ಯುಪತ್ರದಿಂದ ಒಪ್ಪಿಸಿ 1906ರಲ್ಲಿ ಲಿಂಗೈಕ್ಯರಾದರು. ಇದು ವಾಡೆಯೊಳಗಿನವರೆಲ್ಲರಿಗೂ ಸುಲಭವಾಗಿ ಒಪ್ಪುವ ಮಾತಾಗಿದ್ದೀತೆಂದು ನಾವು ಭಾವಿಸಲಾರೆವು. ತಲೆತಲಾಂತರದ ಹೊಲವು ಊರವರ ಮಕ್ಕಳ ಪಾಲಾಗುವದನ್ನು ಯಾವ ಮನೆಯವರು ನಗುತ್ತ ನೋಡಿಯಾರು? ಆದರೂ ದೇಸಾಯರ ನಿರ್ಧಾರವೇ ಸರಿಯೆಂದು ನಮ್ಮ ಅಭಿಪ್ರಾಯ. ಒಬ್ಬ ದತ್ತಕನ ಕೈಯಲ್ಲಿ ಆ ಆಸ್ತಿಯು ಎಷ್ಟು ಪಾಲಾಗುತ್ತಿತ್ತೋ, ಎಷ್ಟು ಕೋರ್ಟು ಕಚೇರಿಗಳನ್ನು ಮೆಟ್ಟುತ್ತಿತ್ತೋ!

ಹೊಲಗಳ ಉತ್ಪನ್ನವು ಶಿಷ್ಯವೇತನವಾಯಿತು. 1916ರಲ್ಲಿ ಹುಟ್ಟಿದ ಕೆ. ಎಲ್. ಇ. ಸಂಸ್ಥೆಯು 1933ರಲ್ಲಿ ಬೆಳಗಾವಿಯಲ್ಲಿ ತೆರೆದ ಕಾಲೇಜಿಗೆ ಲಿಂಗರಾಜರ ಹೆಸರನ್ನೇ ಇಟ್ಟರು. ವಾಡೆಯ ತಲೆಬಾಗಿಲನ್ನು ಒಮ್ಮೆಯೂ ಕಾಣದ ಎಷ್ಟೋ ಹುಡುಗರು ಅದರ ಜೋಳದ ರಾಶಿಯ ಹಣದಿಂದ ಫೀ ಕಟ್ಟಿ, ಪುಸ್ತಕ ಕೊಂಡು, ಓದಿ ಮುಂದೆ ಬಂದರು.